ಹತ್ತು ಸೆಂಟ್ಸ್ ಜಾಗಕ್ಕೆ ಎಷ್ಟು ಬೇಲಿ?

ಉಡುಪಿ ಹತ್ತಿರದ ಶಾಲೆಯೊಂದರಲ್ಲಿ ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಒಮ್ಮೆ ಪರೀಕ್ಷೆಯಲ್ಲಿ ತೋಟದ ಉದ್ದ, ಅಗಲ ಕೊಟ್ಟು ಬೇಲಿಗೆ ಎಷ್ಟು ತಂತಿ ಬೇಕು ಎಂದು ಕೇಳಿದ್ದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಎರಡನ್ನೂ ಗುಣಿಸಿಟ್ಟಿದ್ದರು. ಸೂತ್ರಗಳು ಬಾಯಿಪಾಠ ಇದ್ದವು. ಯಾವುದು ಯಾವುದಕ್ಕೆ ಎಂಬುದೇ ಗೊತ್ತಿರಲಿಲ್ಲ. ತುಂಬಾ ಬೇಜಾರಾಯಿತು.

‘ಸುತ್ತಳತೆ’ ಎಂಬ ಪದವೇ ತನ್ನ ಅರ್ಥ ಹೇಳುತ್ತದೆ. ‘ವಿಸ್ತೀರ್ಣ’ ಅಂದರೆ ಮಗುವಿನ ಕಣ್ಣ ಮುಂದೆ ಏನೂ ಬರುವುದಿಲ್ಲ. ಹಾಗಾಗಿ ಒಂದು ವಾರ ಆ ಪದ ಬಿಟ್ಟು ‘ಒಳಗಿನ ಜಾಗ’ ಎಂದೆ. ಸೂತ್ರದ ಮಾತೇ ಎತ್ತಲಿಲ್ಲ.

ನಾರಿನ ಹಗ್ಗದ ಎರಡು ತುದಿ ಸೇರಿಸಿ ಗಂಟು ಹಾಕಿದೆ. ಸುತ್ತ ಸರಿಯಾಗಿ 24 ಅಡಿ, ಅಡಿಗೊಂದು ಬಣ್ಣದ ಗುರುತು. ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಒಂದಡಿ ಚೌಕದ 36 ತುಂಡು ಮಾಡಿದೆವು. ನಾಲ್ವರು ಮಕ್ಕಳು ಮೂಲೆಗೊಬ್ಬರು ನಿಂತು ಹಗ್ಗ ಹಿಡಿದರು. ಉದ್ದ 10, ಅಗಲ 2 ಮಾಡಿದಾಗ 20 ರಟ್ಟು ಹಿಡಿಯಿತು. 8 ಮತ್ತು 4ಕ್ಕೆ 32. ಆರಕ್ಕೆ ಆರು ಮಾಡಿದಾಗ ಅಷ್ಟೂ ರಟ್ಟು ಒಳಗೆ ಹೋಯಿತು.

“ಹಗ್ಗ ಅದೇ ಅಲ್ವಾ ಟೀಚರ್? ಜಾಗ ಎಲ್ಲಿಂದ ಬಂತು?” ಎಂದ ಒಬ್ಬ.

ನಾನು ಉತ್ತರ ಹೇಳಲಿಲ್ಲ. ಉದ್ದ 11, ಅಗಲ 1 ಮಾಡಿಸಿದೆ. ಬರೀ 11 ರಟ್ಟು. ಹಿಂದಿನ ಬೆಂಚಿನ ಹುಡುಗಿ, “ಹಗ್ಗ ಎಲ್ಲಾ ಉದ್ದಕ್ಕೇ ಹೋಯ್ತು, ಅಗಲಕ್ಕೆ ಉಳಿಯಲೇ ಇಲ್ಲ” ಎಂದಳು. ಇಷ್ಟು ಚೆನ್ನಾಗಿ ನಾನೂ ಹೇಳುತ್ತಿರಲಿಲ್ಲ. ಅಡಿ ಯಾವುದು, ಚದರ ಅಡಿ ಯಾವುದು ಎಂಬ ಗೊಂದಲವೂ ಅಲ್ಲೇ ಕಮ್ಮಿಯಾಯಿತು. ಹಗ್ಗದ ಲೆಕ್ಕ ಅಡಿ, ರಟ್ಟಿನ ಲೆಕ್ಕ ಚದರ ಅಡಿ.

ಆಮೇಲೆ ಇನ್ನೊಬ್ಬ ಕೇಳಿದ, “ನಮ್ಮ ಜಾಗ ಹತ್ತು ಸೆಂಟ್ಸ್ ಉಂಟು ಟೀಚರ್. ಬೇಲಿ ಎಷ್ಟು ಬೇಕು?” ನಮ್ಮೂರಲ್ಲಿ ಜಾಗದ ಮಾತೆಲ್ಲ ಸೆಂಟ್ಸಿನಲ್ಲೇ. ಹತ್ತು ಸೆಂಟ್ಸ್ ಅಂದರೆ 4,356 ಚದರ ಅಡಿ. 66ಕ್ಕೆ 66 ಅಡಿ ಇದ್ದರೆ ಬೇಲಿ 264 ಅಡಿ. 132ಕ್ಕೆ 33 ಇದ್ದರೆ ಅದೇ ಹತ್ತು ಸೆಂಟ್ಸಿಗೆ 330 ಅಡಿ. “ಹಾಗಾದ್ರೆ ಸೆಂಟ್ಸ್ ಹೇಳಿದ್ರೆ ಸಾಕಾಗುವುದಿಲ್ಲ” ಎಂದು ಮಕ್ಕಳೇ ಹೇಳಿದರು.

ಮರುದಿನ ಆ ಹುಡುಗ ಅಜ್ಜನ ಜೊತೆ ಜಾಗ ಅಳೆದು ಚೀಟಿ ತಂದಿದ್ದ. ನಾಲ್ಕು ಬದಿಯೂ ಬೇರೆ ಬೇರೆ. ಬೇಲಿಗೆ ನಾಲ್ಕನ್ನೂ ಕೂಡಿಸಿದರೆ ಆಯಿತು. ಒಳಗಿನ ಜಾಗಕ್ಕೆ ಯಾವುದನ್ನು ಯಾವುದರಿಂದ ಗುಣಿಸುವುದು? ಒಂದು ಮೂಲೆಯಿಂದ ಎದುರಿನ ಮೂಲೆಗೂ ಅಳೆದು ಬಾ ಎಂದೆ. ಅಳೆದು ತಂದ. ಚೌಕುಳಿ ಹಾಳೆಯ ಮೇಲೆ ಆ ಜಾಗ ಬಿಡಿಸಿ, ಎಲ್ಲರೂ ಸೇರಿ ಚೌಕ ಎಣಿಸಿದೆವು.