ದೊಡ್ಡಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ್ದು

ಹಳೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ವಿಷಯ ಬಂದರೆ ಎಲ್ಲರೂ ಮೊದಲು ಕೇಳುವುದು ಸಾಫ್ಟ್‌ವೇರ್ ಯಾವುದು ಅಂತ. ಯಾವುದಾದರೂ ಆದೀತು. ನಾನು ಬಳಸುವುದು ಆಡಾಸಿಟಿ, ದುಡ್ಡು ಕೊಡಬೇಕಾಗಿಲ್ಲ. ಧ್ವನಿ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಅದಕ್ಕಿಂತ ಮುಂಚೆಯೇ, ಟೇಪು ಪ್ಲೇಯರಿನ ಹೆಡ್ಡಿಗೆ (ಟೇಪಿನ ಧ್ವನಿಯನ್ನು ಓದುವ ತುಣುಕು ಅದು) ತಾಗುವ ಜಾಗದಲ್ಲೇ ತೀರ್ಮಾನ ಆಗಿರುತ್ತದೆ. ಅಲ್ಲಿ ಬಾರದ ಸ್ವರವನ್ನು ಆಮೇಲೆ ಯಾವ ಕಂಪ್ಯೂಟರೂ ತಂದುಕೊಡುವುದಿಲ್ಲ. ಹಾಗಾಗಿ ಇಲ್ಲಿ ಸ್ಕ್ರೂಡ್ರೈವರ್ ಕೆಲಸ ಜಾಸ್ತಿ, ಮೌಸಿನ ಕೆಲಸ ಕಡಿಮೆ.

ನನ್ನ ಕೈಗೆ ಬಂದದ್ದು ದೊಡ್ಡಪ್ಪನ ಸಂಗ್ರಹ. ಪುತ್ತೂರಿನ ಕಡೆ ಎಲ್ಲಿ ತಾಳಮದ್ದಳೆ ಇದ್ದರೂ ಟೂ-ಇನ್-ವನ್, ಅಂದರೆ ರೇಡಿಯೊ ಮತ್ತು ಟೇಪ್ ರೆಕಾರ್ಡರ್ ಒಂದರಲ್ಲೇ ಇರುವ ಡಬ್ಬಿ, ಹಿಡಿದು ಹೋಗುತ್ತಿದ್ದರು. ಪದ್ಯ ಹಾಡುವ ಭಾಗವತರ ಕಾಲ ಬುಡದಲ್ಲಿ ಅದನ್ನು ಇಟ್ಟು, ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಕ್ಯಾಸೆಟ್ ಮಗುಚಿ ಹಾಕಿ ಬರುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಲ್ವಾ, ಒಂದು ಮಗ್ಗುಲಿಗೆ 30 ನಿಮಿಷವೇ. ಮಗುಚುವಷ್ಟು ಹೊತ್ತಿನ ಮಾತು ಹೋದದ್ದು ಹೋಯಿತು.

ತಾಳಮದ್ದಳೆ ನೋಡದವರಿಗೆ ಸ್ವಲ್ಪ ಹೇಳಬೇಕು. ಯಕ್ಷಗಾನದ ಹಾಡು, ಚೆಂಡೆ, ಮದ್ದಳೆ ಎಲ್ಲ ಇರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಕಲಾವಿದರು ಕೂತೇ ಪಾತ್ರದ ಮಾತಾಡುತ್ತಾರೆ, ಅವರೇ ಅರ್ಥಧಾರಿಗಳು. ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿದೆ. ಅರ್ಥಧಾರಿ ಆಡುವ ಮಾತು ಮಾತ್ರ ಎಲ್ಲೂ ಬರೆದಿಟ್ಟದ್ದಲ್ಲ, ಎದುರಿನವರ ಮಾತು ಕೇಳಿ ಆ ಹೊತ್ತಿಗೆ ಹೊಳೆದದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಇವತ್ತು ವಾಲಿಯಾಗಿ ಹೇಳಿದ ಮಾತನ್ನು ಮುಂದಿನ ವಾರ ಹಾಗೇ ಹೇಳುತ್ತಾರೆ ಅಂತ ಯಾರೂ ಕಾಯುತ್ತಿರಲಿಲ್ಲ. ಅಂಥ ರಾತ್ರಿಯದ್ದು ಯಾರದೋ ಮನೆಯ ಕ್ಯಾಸೆಟ್ಟಿನಲ್ಲಿ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದಕ್ಕೇ ಮೊದಲ ಕೆಲಸ ವಿಂಗಡಿಸುವುದು. ಸಿನಿಮಾ ಹಾಡಿನ ಕ್ಯಾಸೆಟ್, 1978ರ ನಿತ್ಯೋತ್ಸವದಿಂದ ಶುರುವಾದ ಭಾವಗೀತೆ ಕ್ಯಾಸೆಟ್, ಇವನ್ನೆಲ್ಲ ನಾನು ಮುಟ್ಟಲೇ ಇಲ್ಲ. ಹೆಚ್ಚಿನವು ನಿಮ್ಮ ಕ್ಯಾಸೆಟ್‌ಗಿಂತ ಒಳ್ಳೆ ಧ್ವನಿಯಲ್ಲಿ ಆನ್‌ಲೈನಿನಲ್ಲಿ ಸಿಗುತ್ತವೆ. ಇಳಿಸುವುದಕ್ಕೆ ಕ್ಯಾಸೆಟ್ ಓಡುವಷ್ಟೂ ಹೊತ್ತು ಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಆ ಸಮಯವನ್ನು ಬೇರೆಲ್ಲೂ ಸಿಗದ ಧ್ವನಿಗೆ ಕೊಡಿ. ಮನೆಯಲ್ಲಿ ರೆಕಾರ್ಡ್ ಮಾಡಿದ್ದು, ಮದುವೆಯ ಸೋಬಾನೆ, ಅಜ್ಜಿಯ ಹಾಡು, ಊರಿನ ಹರಿಕಥೆ, ಇವೆಲ್ಲ ಮೊದಲು.

ಯಾವ ಕ್ಯಾಸೆಟ್ ಎತ್ತಿಕೊಂಡರೂ ಮೊದಲು ಬೆನ್ನಿನ ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿ ಮುರಿಯುತ್ತೇನೆ. ಅವು ಇಲ್ಲದಿದ್ದರೆ ರೆಕಾರ್ಡ್ ಬಟನ್ ಒತ್ತಲು ಬರುವುದಿಲ್ಲ. ಆಮೇಲೆ ಕಿಟಕಿಯಲ್ಲಿ ಟಾರ್ಚ್ ಹಾಕಿ ನೋಡುವುದು. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ಬೂಸ್ಟು ಹಿಡಿದಿದೆ ಅಂತ ಅರ್ಥ. ಅದನ್ನು ಒಳ್ಳೆ ಡೆಕ್ಕಿಗೆ (ಕ್ಯಾಸೆಟ್ ಓಡಿಸುವ ದೊಡ್ಡ ಯಂತ್ರ) ಹಾಕಬಾರದು, ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ನಾನು ಮೂಗಿಗೆ ಮಾಸ್ಕ್ ಕಟ್ಟಿ, ಜಗಲಿಯಲ್ಲಿ ಕೂತು, ಒಂದು ಹಳೆ ಪ್ಲೇಯರಿನಲ್ಲಿ ಟೇಪನ್ನು ನಿಧಾನ ಓಡಿಸುತ್ತಾ ಮೆತ್ತಗಿನ ಒಣ ಬಟ್ಟೆಯಲ್ಲಿ ಒರೆಸಿಕೊಂಡೆ. ಬೇಜಾರಿನ ಕೆಲಸ. ಬೂಸ್ಟು ಹಿಡಿಯದವನ್ನು ಒಂದು ಸಲ ಪೂರ್ತಿ ಮುಂದೆ, ಪೂರ್ತಿ ಹಿಂದೆ ಓಡಿಸಿದರೆ ಸಾಕು. ವರ್ಷಗಟ್ಟಲೆ ಬಿಗಿಯಾಗಿ ಕೂತ ಸುತ್ತು ಸಡಿಲವಾಗುತ್ತದೆ.

ಧ್ವನಿ ತುಂಬ ಮಂಕಾಗಿದ್ದರೆ ಟೇಪು ಕೆಟ್ಟಿದೆ ಅಂತ ಕೈಬಿಡಬೇಡಿ. ಕ್ಯಾಸೆಟ್ಟಿನ ಬಾಯಲ್ಲಿ, ಟೇಪಿನ ಹಿಂದೆ, ತಾಮ್ರದ ಬಣ್ಣದ ಸ್ಪ್ರಿಂಗಿನ ಮೇಲೆ ಒಂದು ಪುಟ್ಟ ಫೆಲ್ಟ್ ತುಂಡು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅದರ ಅಂಟು ಒಣಗಿ ತುಂಡು ಉದುರಿ ಹೋಗಿರುತ್ತದೆ. ಬೇಡದ ಕ್ಯಾಸೆಟ್ಟಿನಿಂದ ಸ್ಪ್ರಿಂಗ್ ಸಮೇತ ತೆಗೆದು ಇದಕ್ಕೆ ಹಾಕಿದರೆ ಮಾತು ಸ್ಪಷ್ಟ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಸುಲಭ. ಅಂಟಿಸಿಬಿಟ್ಟ ಡಬ್ಬಿಯಾದರೆ ಅಂಚಿಗೆ ಬ್ಲೇಡ್ ಕೊಟ್ಟು ಸೀಳಿ, ಒಳಗಿನ ಎರಡೂ ಸುರುಳಿಯನ್ನು ಸ್ಕ್ರೂ ಇರುವ ಬೇರೆ ಡಬ್ಬಿಗೆ ದಾಟಿಸಬೇಕು. ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡರೆ ಟೇಪು ಯಾವ ಉರುಳೆಯ ಯಾವ ಬದಿಯಿಂದ ಹೋಗಿತ್ತು ಅಂತ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಇನ್ನು ಓಡಿಸುವ ಯಂತ್ರ. ಕ್ಯಾಸೆಟ್ ಹಾಕಿ ಯುಎಸ್‌ಬಿ ಚುಚ್ಚಿದರೆ ಆಯಿತು ಅನ್ನುವ ಅಗ್ಗದ ಪ್ಲೇಯರ್‌ಗಳು ಬರುತ್ತವೆ. ಅವುಗಳ ಓಟ ಒಂದೇ ಸಮ ಇರುವುದಿಲ್ಲ, ಭಾಗವತರು ಎಳೆದ ಆಲಾಪ ಅಲುಗಾಡುತ್ತದೆ. ಅದರ ಬದಲು ಹಳೆಯ ಡೆಕ್ ಒಂದನ್ನು ಹುಡುಕಿ ರಿಪೇರಿ ಮಾಡಿಸುವುದು ಒಳ್ಳೆಯದು. ನನಗೆ ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ. ಬೆಲ್ಟ್ ಕರಗಿ ಡಾಂಬರಿನಂತಾಗಿತ್ತು, ಹೊಸದು ಹಾಕಿಸಿದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಕಂದು ಬಣ್ಣ ಬರುವುದು ನಿಲ್ಲುವ ತನಕ ಬಿಡಬಾರದು. ರಬ್ಬರ್ ರೋಲರಿಗೆ ನಾನು ಆಲ್ಕೋಹಾಲ್ ಹಾಕುವುದಿಲ್ಲ, ಒಂದು ಹನಿ ಸೋಪಿನ ನೀರು ಸಾಕು.

ಈಗ ಮುಖ್ಯ ವಿಷಯ. ಹೆಡ್ಡಿನ ಪಕ್ಕದಲ್ಲಿ ಎರಡು ಸ್ಕ್ರೂ ಇರುತ್ತವೆ. ಒಂದು ಗಟ್ಟಿ ಕೂತಿರುತ್ತದೆ, ಇನ್ನೊಂದರ ಕೆಳಗೆ ಸ್ಪ್ರಿಂಗ್. ಈ ಸ್ಪ್ರಿಂಗಿನ ಸ್ಕ್ರೂ ತಿರುಗಿಸಿದರೆ ಹೆಡ್ಡು ಕೂದಲೆಳೆಯಷ್ಟು ವಾಲುತ್ತದೆ. ಇದಕ್ಕೆ ಅಜಿಮತ್ ಅನ್ನುತ್ತಾರೆ. ದೊಡ್ಡಪ್ಪನ ಟೂ-ಇನ್-ವನ್ನಿನ ಹೆಡ್ಡು ಯಾವ ಕೋನದಲ್ಲಿತ್ತೋ ಅದೇ ಕೋನದಲ್ಲಿ ಧ್ವನಿ ಟೇಪಿನ ಮೇಲೆ ಬಿದ್ದಿದೆ. ನನ್ನ ಡೆಕ್ಕಿನ ಹೆಡ್ಡು ಬೇರೆ ಕೋನದಲ್ಲಿದ್ದರೆ ಮೇಲಿನ ಸ್ವರಗಳೆಲ್ಲ ಮಾಯ. ‘ಸ’, ‘ಶ’ ಅಕ್ಷರಗಳು ಕಂಬಳಿ ಹೊದ್ದ ಹಾಗೆ ಕೇಳುತ್ತವೆ. ಟೇಪಿನ ಅಗಲ 4 ಮಿಲಿಮೀಟರೂ ಇಲ್ಲ, ಓಡುವ ವೇಗ ಸೆಕೆಂಡಿಗೆ 5 ಸೆಂ.ಮೀ.ಗಿಂತ ಕಡಿಮೆ. ಅಷ್ಟು ಚಿಕ್ಕ ಜಾಗದಲ್ಲಿ ಕೂದಲೆಳೆಯ ವ್ಯತ್ಯಾಸವೂ ದೊಡ್ಡದೇ.

ನಾನು ಮಾಡುವುದು ಹೀಗೆ. ಡೆಕ್ಕಿನ ಬಾಗಿಲ ಮೇಲಿನ ಮುಚ್ಚಳ ತೆಗೆಯುತ್ತೇನೆ. ಹೆಡ್‌ಫೋನ್ ಹಾಕಿ, ಎಡ ಬಲ ಎರಡನ್ನೂ ಒಂದೇ ಮಾಡಿ, ಅಂದರೆ ಮೋನೋದಲ್ಲಿ ಕೇಳುತ್ತೇನೆ. ಕೋನ ತಪ್ಪಿದ್ದರೆ ಎರಡೂ ಚಾನೆಲ್ ಸೇರುವಾಗ ಮೇಲಿನ ಸ್ವರಗಳು ಒಂದನ್ನೊಂದು ತಿನ್ನುತ್ತವೆ, ಹಾಗಾಗಿ ಮೋನೋದಲ್ಲಿ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಆಮೇಲೆ ಭಾಗವತರ ಜಾಗಟೆ ಕೇಳುವ ಜಾಗ ಹುಡುಕುತ್ತೇನೆ. ಮಾತಿಗಿಂತ ಜಾಗಟೆ ಒಳ್ಳೆಯ ಗುರುತು. ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಆಚೆ, ಈಚೆ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಜಾಗಟೆ ಥಟ್ಟನೆ ತೆರೆದುಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸುವುದು. ಮಗುಚಿದ ಮೇಲೆ ಇನ್ನೊಮ್ಮೆ, ಬೇರೆ ಕ್ಯಾಸೆಟ್ ಹಾಕಿದಾಗ ಮತ್ತೊಮ್ಮೆ. ಟೇಪಿನ ಹಿಸ್ (ಸುಯ್ ಅನ್ನುವ ಸದ್ದು) ತಗ್ಗಿಸುವ ಡಾಲ್ಬಿ ಸ್ವಿಚ್ ಆಫ್ ಇರಲಿ. ನಮ್ಮ ಕಡೆ ಟೂ-ಇನ್-ವನ್ನಿನಲ್ಲಿ ರೆಕಾರ್ಡ್ ಮಾಡಿದವರು ಯಾರೂ ಡಾಲ್ಬಿ ಹಾಕಿದ್ದಿಲ್ಲ. ಆನ್ ಮಾಡಿದರೆ ಕಷ್ಟಪಟ್ಟು ತಂದ ಜಾಗಟೆ ಮತ್ತೆ ಮಂಕಾಗುತ್ತದೆ.

ಡೆಕ್ಕಿನಿಂದ ಕಂಪ್ಯೂಟರಿಗೆ ಹೋಗುವ ದಾರಿ ಸರಳ. ಹಿಂದಿನ ಲೈನ್ ಔಟ್‌ನಿಂದ ಕೆಂಪು ಬಿಳಿ ಕೇಬಲ್, ಅದು ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಚುಚ್ಚಬೇಡಿ. ಅದು ಸಾಮಾನ್ಯವಾಗಿ ಮೋನೋ, ಮೈಕಿಗೆಂದು ಧ್ವನಿಯನ್ನು ಎತ್ತರಿಸುತ್ತದೆ, ಒಡಕು ಬರುತ್ತದೆ. ಆಡಾಸಿಟಿಯಲ್ಲಿ ಮೀಟರ್ ಅತಿ ಜೋರಿನಲ್ಲೂ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಡುತ್ತೇನೆ. ಯುದ್ಧದ ಪದ್ಯಕ್ಕೆ ಚೆಂಡೆ ಬಿದ್ದಾಗ ಎಲ್ಲಿಗೆ ಏರುತ್ತದೆ ಅಂತ ಮೊದಲೇ ಓಡಿಸಿ ನೋಡಿರಬೇಕು. 44.1 ಕಿಲೋಹರ್ಟ್ಜ್, 16 ಬಿಟ್ ಸ್ಟೀರಿಯೊ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಕ್ಯಾಸೆಟ್ಟಿಗೆ 600 ಎಂಬಿ ಚಿಲ್ಲರೆ. ಅದನ್ನೇ ಫ್ಲಾಕ್ ಅನ್ನುವ ಬಗೆಯ ಫೈಲ್ ಮಾಡಿದರೆ ಗುಣ ಕಳೆಯದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಂಪಿ3 ಮಾಡುವುದು ವಾಟ್ಸಾಪಿಗೆ ಮಾತ್ರ.

ವೇಗದ ವಿಷಯ ನನಗೆ ತುಂಬ ಮಜಾ ಕೊಟ್ಟಿತು. ರಾತ್ರಿ ಪೂರ್ತಿ ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿದರೆ ಬೆಳಗಿನ ಜಾವಕ್ಕೆ ಬ್ಯಾಟರಿ ಸೋತು ಮೋಟಾರು ನಿಧಾನ ಆಗಿರುತ್ತದೆ. ನಿಧಾನ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಮಾತು ಅವಸರ, ಸ್ವರ ಕೀಚಲು. ಗಂಭೀರ ಕರ್ಣ ಬೆಳಗಾಗುವಾಗ ಚಿಕ್ಕ ಹುಡುಗನ ಹಾಗೆ ಮಾತಾಡುತ್ತಾನೆ! ಇದನ್ನು ಅಂದಾಜಿನಲ್ಲಿ ಸರಿ ಮಾಡಬಾರದು. ಮೈಕ್ ಸೆಟ್ಟಿನ ಕರೆಂಟಿನ ಗುಂಯ್ ಸದ್ದು ಟೇಪಿನಲ್ಲಿ ಇದ್ದೇ ಇರುತ್ತದೆ. ಆಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಂನಲ್ಲಿ ಸೈಜ್ ಅತಿ ದೊಡ್ಡದಕ್ಕೆ ಇಟ್ಟು ನೋಡಿದರೆ ಅದು 50 ಹರ್ಟ್ಜ್ ಹತ್ತಿರ ಗೋಪುರದ ಹಾಗೆ ಎದ್ದಿರುತ್ತದೆ. 52ರಲ್ಲಿ ಇದ್ದರೆ ಟೇಪು ನೂರಕ್ಕೆ 4ರಷ್ಟು ಬೇಗ ಓಡುತ್ತಿದೆ ಅಂತ ಲೆಕ್ಕ. ಟೇಪು ನಿಲ್ಲಿಸಿದಾಗಲೂ ಗುಂಯ್ ಕೇಳಿದರೆ ಅದು ನಿಮ್ಮ ಡೆಕ್ಕಿನದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಇದರಲ್ಲೂ ಒಂದು ತೊಡಕಿದೆ. ಆ ಕಾಲದಲ್ಲಿ ನಮ್ಮ ಕರೆಂಟೇ 50ರಲ್ಲಿ ಗಟ್ಟಿ ನಿಲ್ಲುತ್ತಿರಲಿಲ್ಲ, ಲೋಡ್ ಜಾಸ್ತಿಯಾದರೆ ಇಳಿಯುತ್ತಿತ್ತು. ಜನರೇಟರ್ ಆದರಂತೂ ಕೇಳುವುದೇ ಬೇಡ. ಹಾಗಾಗಿ ಎರಡನೇ ಸಾಕ್ಷಿ ಬೇಕು. ಅದು ಶ್ರುತಿಪೆಟ್ಟಿಗೆ. ರೀಡಿನ ಸ್ವರ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಭಾಗವತರು ಕಪ್ಪು ಎರಡೋ ಬಿಳಿ ನಾಲ್ಕೋ, ಹಾರ್ಮೋನಿಯಂನ ಯಾವುದೋ ಒಂದು ಮನೆಯ (ಕೀಲಿಯ) ಮೇಲೆ ನಿಂತಿರಲೇಬೇಕು. ಎರಡು ಮನೆಗಳ ನಡುವೆ ಸಿಕ್ಕಿಕೊಂಡಿದ್ದರೆ ವೇಗ ತಪ್ಪಿದೆ. ಪಕ್ಕದ ಎರಡು ಮನೆಗಳ ಅಂತರ ನೂರಕ್ಕೆ 6ರಷ್ಟು, ನಟ್ಟನಡುವೆ ಅಂದರೆ 3. ಗುಂಯ್ ಮತ್ತು ಶ್ರುತಿ ಎರಡೂ ಒಂದೇ ಕಡೆ ಕೈ ತೋರಿಸಿದರೆ ಧೈರ್ಯವಾಗಿ ಚೇಂಜ್ ಸ್ಪೀಡ್ ಹಾಕಬಹುದು. ಬ್ಯಾಟರಿ ಸೋಲುತ್ತಾ ಹೋದ ಕ್ಯಾಸೆಟ್ಟನ್ನು ತುಂಡು ತುಂಡು ಮಾಡಿ ಸರಿಪಡಿಸಿದೆ.

ಆಡಾಸಿಟಿಯಲ್ಲಿ ಹಿಸ್ ತೆಗೆಯುವ ನಾಯ್ಸ್ ರಿಡಕ್ಷನ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಮೊದಲ ಸಲ ಹಾಕಿದವರಿಗೆ ಹಿಸ್ ಮಾಯವಾದದ್ದು ನೋಡಿ ಖುಷಿಯಾಗುತ್ತದೆ, ಇನ್ನೂ ಇನ್ನೂ ಎಳೆಯುತ್ತಾರೆ. ಮಾತು ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಆಗುತ್ತದೆ. ಹಿಸ್ ಇರುವ ಎತ್ತರದಲ್ಲೇ ಜಾಗಟೆಯ ಗುಂಗು, ಮದ್ದಳೆಯ ಬೆರಳಿನ ಸದ್ದು, ಅರ್ಥಧಾರಿ ಉಸಿರು ಎಳೆದುಕೊಳ್ಳುವುದು ಎಲ್ಲ ಇರುವುದು. ನಾನು 6 ಡೆಸಿಬೆಲ್ ದಾಟುವುದಿಲ್ಲ, ಹೆಚ್ಚಿನ ಸಲ ಹಾಕುವುದೇ ಇಲ್ಲ. ಏನೂ ಮಾಡದ ಮೂಲ ಫೈಲನ್ನು ಬೇರೆಯೇ ಇಡುತ್ತೇನೆ. ಸಭೆಯ ಕೆಮ್ಮು, ಮಗುವಿನ ಅಳು, ನಡುವೆ ಯಾರೋ ಬಂದು ‘ಕೆಎ ನಂಬರಿನ ಕಾರು ಸ್ವಲ್ಪ ಆಚೆ ತೆಗೀರಿ’ ಅಂದದ್ದು, ಇವನ್ನೂ ಕತ್ತರಿಸಲಿಲ್ಲ. ಗಾಡಿಗಳಿಗೆ ಕೆಎ ಬಂದದ್ದು 1989ರ ಆಸುಪಾಸಿನಲ್ಲಿ, ಆ ಕ್ಯಾಸೆಟ್ ಅದಕ್ಕೂ ಮುಂಚಿನದಲ್ಲ ಅಂತ ಅಲ್ಲೇ ಗೊತ್ತಾಯಿತು.

ಇಂಥ ಸುಳಿವು ಬೇಕೇ ಬೇಕು, ಯಾಕೆಂದರೆ ದೊಡ್ಡಪ್ಪನ ಚೀಟಿಗಳಲ್ಲಿ ಇದ್ದದ್ದು ‘ಕರ್ಣಪರ್ವ 2’, ‘ಸಂಧಾನ, ಚೆನ್ನಾಗಿದೆ’, ಇಷ್ಟೇ. ಊರಿಲ್ಲ, ತಾರೀಕಿಲ್ಲ, ಯಾರು ಯಾವ ಪಾತ್ರ ಅಂತ ಇಲ್ಲ. ಇದಕ್ಕೆ ನೆರವಾದದ್ದು ನಮ್ಮ ತಾಳಮದ್ದಳೆ ವಾಟ್ಸಾಪ್ ಗುಂಪು. ದಿನವೂ ಗುಡ್ ಮಾರ್ನಿಂಗ್ ಹೂವು ಹಾಕುವ ಹಿರಿಯರೇ ಜಾಸ್ತಿ ಇರುವ ಗುಂಪು. ಒಂದು ನಿಮಿಷದ ತುಣುಕು ಹಾಕಿ ‘ಕೃಷ್ಣ ಯಾರು?’ ಅಂತ ಕೇಳಿದರೆ ಸಾಕು, ಹೂವೆಲ್ಲ ನಿಂತು ಹೋಗುತ್ತದೆ. ಧ್ವನಿಯ ಮೇಲೆ ಅರ್ಥಧಾರಿಯನ್ನು ಗುರುತಿಸುತ್ತಾರೆ. ಪೆಟ್ಟಿನ ಮೇಲೆ ಮದ್ದಳೆಗಾರನನ್ನು ಹೇಳುವವರೂ ಇದ್ದಾರೆ. ‘ಆವತ್ತು ಮಳೆ ಬಂದು ದೇವಸ್ಥಾನದ ಒಳಗೆ ಹೋದೆವು, ಅದೇ ಇದು’ ಅಂತ ಒಬ್ಬರು ಬರೆದರು. ಹಿಂದೆ ಮಳೆ ಸದ್ದು ನಿಜವಾಗಿಯೂ ಇತ್ತು.

ಎಲ್ಲರೂ ಒಪ್ಪುತ್ತಾರೆ ಅಂತಿಲ್ಲ. ಅಂಥಲ್ಲಿ ನಾನು ತೀರ್ಪು ಕೊಡಲು ಹೋಗಲಿಲ್ಲ. ಪ್ರತಿ ಕ್ಯಾಸೆಟ್ಟಿಗೂ ಒಂದು ಟೆಕ್ಸ್ಟ್ ಫೈಲ್ ಇದೆ. ಚೀಟಿಯಲ್ಲಿ ಇದ್ದದ್ದು ಹಾಗೇ, ಟೇಪಿನಲ್ಲಿ ಕೇಳಿದ್ದು ಬೇರೆ, ಗುಂಪಿನವರು ಹೇಳಿದ್ದು ಇನ್ನೂ ಬೇರೆ, ಯಾರು ಹೇಳಿದ್ದು ಅಂತ ಸಮೇತ. ಫೈಲಿನ ಹೆಸರು ವರ್ಷ, ಊರು, ಪ್ರಸಂಗ, ಕ್ಯಾಸೆಟ್ ನಂಬರು, ಮಗ್ಗುಲು ಅನ್ನುವ ಕ್ರಮದಲ್ಲಿ. ವರ್ಷ ಗೊತ್ತಿಲ್ಲದಿದ್ದರೆ ಸೊನ್ನೆಗಳು. ಚೀಟಿಯ ಫೋಟೊ ಅದರ ಜೊತೆಗೇ.

ಪೂರ್ತಿ ರೆಕಾರ್ಡಿಂಗ್ ಯೂಟ್ಯೂಬಿಗೆ ಹಾಕಿ ಅಂತ ತುಂಬ ಜನ ಹೇಳುತ್ತಾರೆ. ದೊಡ್ಡಪ್ಪ ರೆಕಾರ್ಡ್ ಮಾಡಿದ ಮಾತ್ರಕ್ಕೆ ಕಲಾವಿದರ ಮಾತು ನಮ್ಮದಾಗುವುದಿಲ್ಲ. ನಮ್ಮ ಕಾನೂನಿನಲ್ಲಿ ಕಲಾವಿದರ ಹಕ್ಕು ಪ್ರದರ್ಶನದ ಮುಂದಿನ ವರ್ಷದಿಂದ 50 ವರ್ಷ. ಅಂಗಡಿಯಲ್ಲಿ ಮಾರಿದ ಕ್ಯಾಸೆಟ್ ಆದರೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹಾಗಾಗಿ ಮೊದಲು ಕಲಾವಿದರ ಮನೆಯವರಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟು, ಹಾಕಬಹುದಾ ಅಂತ ಕೇಳುತ್ತೇನೆ. ಹೆಚ್ಚಿನವರು ಸಂತೋಷದಿಂದ ಒಪ್ಪಿದರು. ಒಬ್ಬರು ಬೇಡ ಅಂದರು, ಹಾಕಲಿಲ್ಲ. ಕೆಲವರ ಮನೆಯವರು ಯಾರು, ಎಲ್ಲಿದ್ದಾರೆ ಅಂತ ಗುಂಪಿನಲ್ಲಿ ಈಗಲೂ ಹುಡುಕಾಟ ನಡೆದಿದೆ. ಆ ಫೈಲುಗಳು ಸದ್ಯಕ್ಕೆ ಎರಡು ಹಾರ್ಡ್ ಡಿಸ್ಕಿನಲ್ಲಿವೆ. ಒಂದು ನನ್ನ ಮನೆಯಲ್ಲಿ, ಇನ್ನೊಂದು ಮಂಗಳೂರಿನಲ್ಲಿ ತಂಗಿಯ ಮನೆಯಲ್ಲಿ.