ಟೆಕ್ನಿಕಲ್ ರೈಟರ್ ಕೆಲಸ: ಕೈಪಿಡಿಯ ಒಂದು ಪುಟ ಸಿದ್ಧವಾಗುವ ಬಗೆ

ಟೆಕ್ನಿಕಲ್ ರೈಟರ್ ಎಂದರೆ ಕೈಪಿಡಿ ಬರೆಯುವವರು ಎನ್ನುವುದು ಸರಿಯೇ. ಆದರೆ ದಿನದ ಹೆಚ್ಚು ಹೊತ್ತು ಹೋಗುವುದು ಕೇಳಲು, ಮಾಡಿ ನೋಡಲು, ತಿದ್ದಲು. ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಪುಟವೊಂದನ್ನೇ ತೆಗೆದುಕೊಳ್ಳಿ.

ಓದುವವರು ಯಾರು ಎಂಬುದು ಮೊದಲು ಗೊತ್ತಾಗಬೇಕು. ಸರ್ವರ್ ನೋಡಿಕೊಳ್ಳುವವರಿಗೆ "ಟರ್ಮಿನಲ್ ತೆರೆಯಿರಿ" ಎಂದರೆ ಸಾಕು. ಉಳಿದವರಿಗೆ ಕಮಾಂಡ್ ಟೈಪ್ ಮಾಡುವ ಆ ವಿಂಡೋ ಎಲ್ಲಿದೆ ಎಂದೂ ಹೇಳಬೇಕು. ಆಮೇಲೆ ಎಂಜಿನಿಯರ್ ಹತ್ತಿರ ಹೋಗಿ. "ಇದು ಹೇಗೆ ಕೆಲಸ ಮಾಡುತ್ತೆ?" ಎಂದು ಕೇಳಿದಿರೋ, ಒಂದು ಗಂಟೆ ಆರ್ಕಿಟೆಕ್ಚರ್ ಪಾಠ ಖಚಿತ. "ಯಾವಾಗ ಕೈಕೊಡುತ್ತೆ, ಆಗ ಯಾವ ಎರರ್ ಬರುತ್ತೆ?" ಎಂದು ಕೇಳಿ.

ಈಗ ಏನೂ ಇನ್‌ಸ್ಟಾಲ್ ಆಗಿರದ ವರ್ಚುವಲ್ ಮೆಷೀನ್‌ನಲ್ಲಿ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಇನ್ನೊಂದು ಕಂಪ್ಯೂಟರ್) ನೀವೇ ಮಾಡಿ ನೋಡಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಎಂಜಿನಿಯರ್ ಲ್ಯಾಪ್‌ಟಾಪ್‌ನಲ್ಲಿ ಬೇಕಾದ ಲೈಬ್ರರಿಗಳು (ಸಾಫ್ಟ್‌ವೇರ್ ಬಳಸಿಕೊಳ್ಳುವ ಸಿದ್ಧ ಕೋಡ್), ಅಡ್ಮಿನ್ ಅನುಮತಿ ಎಲ್ಲ ಮೊದಲೇ ಇರುತ್ತವೆ. ಹಾಗಾಗಿ ಅವರು ಹೇಳಿದ ನಾಲ್ಕು ಹಂತ ಹೊಸ ಕಂಪ್ಯೂಟರ್‌ನಲ್ಲಿ ಏಳಾಗಬಹುದು. ಕಾಣದ ಆ ಮೂರನ್ನು ಹುಡುಕಿ ತೆಗೆಯುವುದಕ್ಕೇ ಸಂಬಳ.

ಬರೆಯುವಾಗ ಹಂತಕ್ಕೊಂದೇ ಕ್ರಿಯೆ. ಷರತ್ತು ಮೊದಲು ಬರಲಿ: "ಡಿಲೀಟ್ ಒತ್ತಿ, ಬ್ಯಾಕಪ್ ಇದ್ದರೆ ಮಾತ್ರ" ಎಂದು ಬರೆದರೆ, ವಾಕ್ಯ ಮುಗಿಯುವ ಮೊದಲೇ ಬೆರಳು ಒತ್ತಿರುತ್ತದೆ. ಎಚ್ಚರಿಕೆಯನ್ನೂ ಹಂತಕ್ಕಿಂತ ಮೊದಲೇ ಹಾಕಿ. "ಕ್ಲಿಕ್ ಮಾಡತಕ್ಕದ್ದು" ಎಂಬ ಸುತ್ತೋಲೆ ಭಾಷೆ ಬೇಡ, "ಕ್ಲಿಕ್ ಮಾಡಿ" ಸಾಕು. ಒಂದೇ ವಸ್ತುವನ್ನು ಇಲ್ಲಿ "ಖಾತೆ", ಅಲ್ಲಿ "ಅಕೌಂಟ್", ಮತ್ತೊಂದೆಡೆ "ಪ್ರೊಫೈಲ್" ಎಂದರೆ ಓದುಗರು ಮೂರು ವಸ್ತು ಎಂದುಕೊಳ್ಳುತ್ತಾರೆ. ವಿಮಾನ ನಿರ್ವಹಣೆಯ ಕೈಪಿಡಿಗಳಿಗೆಂದು ರೂಪುಗೊಂಡ ಎಎಸ್‌ಡಿ-ಎಸ್‌ಟಿಇ100 ಎಂಬ ಸರಳ ಇಂಗ್ಲಿಷ್ ನಿಯಮಾವಳಿಯಲ್ಲಿ ಸೂಚನಾ ವಾಕ್ಯಕ್ಕೆ 20 ಪದಗಳ ಮಿತಿ ಇದೆ. ಅದು ಇಂಗ್ಲಿಷ್ ಲೆಕ್ಕ. ಪ್ರತ್ಯಯ ಹೊತ್ತು ಉದ್ದವಾಗುವ ಕನ್ನಡ ಪದಗಳಾದರೆ ಹನ್ನೆರಡೇ ಹೆಚ್ಚಾಯಿತು.

ಸ್ಕ್ರೀನ್‌ಶಾಟ್ ಕಡಿಮೆ ಇರಲಿ. ಬಟನ್ ಒಂದು ಜಾಗ ಬದಲಿಸಿದರೂ ಎಲ್ಲ ಚಿತ್ರ ಹೊಸದಾಗಿ ತೆಗೆಯಬೇಕಾಗುತ್ತದೆ.

ರಿವ್ಯೂಗೆ ಕಳಿಸುವಾಗ "ನೋಡಿ ಹೇಳಿ" ಎಂದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. "3ನೇ ಹಂತದ ಪೋರ್ಟ್ ಸಂಖ್ಯೆ ಸರಿಯೇ?" ಎಂದು ಬಿಡಿಸಿ ಕೇಳಿ. ಕೊನೆಗೆ ಆ ಸಾಫ್ಟ್‌ವೇರ್ ಕಂಡೇ ಇರದ ಒಬ್ಬರ ಮುಂದೆ ಪುಟ ಇಟ್ಟು, ಬಾಯಿ ಬಿಗಿಹಿಡಿದು ಕೂತುಕೊಳ್ಳಿ. ಅವರು ತಡವರಿಸಿದ ಪ್ರತಿ ಸಾಲಿಗೂ ಗುರುತು ಹಾಕಿ, ಆ ಸಾಲುಗಳನ್ನಷ್ಟೇ ಮತ್ತೆ ಬರೆಯಿರಿ. ಪುಟದ ತಲೆಯಲ್ಲಿ ಆವೃತ್ತಿ ಸಂಖ್ಯೆ ಇರಲಿ. ಹೊಸ ಆವೃತ್ತಿ ಬಂದರೂ ಹಳೆಯ ಪುಟ ಅಳಿಸಬೇಡಿ, ಹಳೆಯ ಆವೃತ್ತಿ ಬಳಸುವವರು ಇನ್ನೂ ಇರುತ್ತಾರೆ.