ಮೊಬೈಲ್ ಅಂಗಡಿಯಲ್ಲಿ ಇನ್ಸೆಂಟಿವ್ ಕೈತಪ್ಪದಿರಲು

ಕೆಲಸಕ್ಕೆ ಸೇರುವ ಮೊದಲೇ ಎಷ್ಟು ಮಾರಿದರೆ ಎಷ್ಟು ಇನ್ಸೆಂಟಿವ್ ಎಂಬ ಸ್ಲ್ಯಾಬ್ ಏನೆಂದು ಕಾಗದದಲ್ಲೋ ವಾಟ್ಸ್ಆ್ಯಪ್ಪಿನಲ್ಲೋ ಬರೆಸಿಕೊಳ್ಳಿ. ಬಾಯಿಮಾತಿನ ಸ್ಲ್ಯಾಬ್ ತಿಂಗಳ ಕೊನೆಗೆ ಬದಲಾಗಿರುತ್ತದೆ.

ಉದಾಹರಣೆಗೆ ಟಾರ್ಗೆಟ್ 40 ಫೋನ್ ಅಂದುಕೊಳ್ಳಿ. 32ಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. 32ರಿಂದ 39ರವರೆಗೆ ಫೋನಿಗೆ 100 ರೂಪಾಯಿ. 40 ಮುಟ್ಟಿದರೆ ಮೊದಲ ಫೋನಿನಿಂದಲೇ 150. ಆಗ 39ಕ್ಕೆ 3,900, 40ಕ್ಕೆ 6,000. ಒಂದು ಫೋನಿಗೆ 2,100ರ ವ್ಯತ್ಯಾಸ! ಆದರೆ ಆ 150 ನಲವತ್ತನೆಯದರಿಂದ ಮುಂದಕ್ಕೆ ಮಾತ್ರ ಎಂದಿದ್ದರೆ ಸಿಗುವುದು 4,050 ಅಷ್ಟೇ. ಟಾರ್ಗೆಟ್ ಫೋನಿನ ಸಂಖ್ಯೆಗೋ ಒಟ್ಟು ಮೊತ್ತಕ್ಕೋ ಎಂದೂ ಕೇಳಿ. 20ನೇ ತಾರೀಕಿಗೆ ಎಲ್ಲಿದ್ದೀರಿ ಎಂದು ನೋಡಿಕೊಂಡರೆ ಉಳಿದ ಹತ್ತು ದಿನ ಹೇಗೆ ಓಡಬೇಕೆಂದು ಗೊತ್ತಾಗುತ್ತದೆ.

ನೀವು ಫೋನ್ ಕಂಪನಿಯೇ ಅಂಗಡಿಯಲ್ಲಿ ನಿಲ್ಲಿಸಿದ ಪ್ರೊಮೋಟರ್ ಆಗಿದ್ದರೆ ಬಿಲ್ ಆದ ಮಾತ್ರಕ್ಕೆ ಇನ್ಸೆಂಟಿವ್ ಬರುವುದು ಕಡಿಮೆ. ಸಾಮಾನ್ಯವಾಗಿ ಫೋನ್ ಆ್ಯಕ್ಟಿವೇಟ್ ಆಗಬೇಕು. ಮದುವೆಗೆ ಉಡುಗೊರೆ ಎಂದು ಸೀಲ್ ಒಡೆಯದೆ ಒಯ್ದ ಪೆಟ್ಟಿಗೆ ಮುಂದಿನ ತಿಂಗಳಿಗೆ ಬೀಳಬಹುದು. ಆದ್ದರಿಂದ ಸಾಧ್ಯವಾದಷ್ಟೂ ಕೌಂಟರಿನಲ್ಲೇ ಸಿಮ್ ಹಾಕಿ, ಹಳೆಯ ಫೋನಿನ ಫೋಟೊ, ಕಾಂಟ್ಯಾಕ್ಟ್ ವರ್ಗಾಯಿಸಿ ಕೊಡಿ. ಡಬಲ್ ಸಿಮ್ ಫೋನಿಗೆ ಎರಡು ಐಎಂಇಐ (ಫೋನಿನ ಗುರುತಿನ ಸಂಖ್ಯೆ), ತಲಾ 15 ಅಂಕಿ. ಮಾರಾಟ ದಾಖಲಿಸುವ ಕಂಪನಿಯ ಆ್ಯಪಿನಲ್ಲಿ ಯಾವುದು ಕೇಳುತ್ತದೋ ಅದನ್ನೇ ಹಾಕಿ. ತಪ್ಪು ನಂಬರ್ ಹೋದರೆ ಆ ಮಾರಾಟ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಬಿಲ್ಲಿನ, ಪೆಟ್ಟಿಗೆಯ ಮತ್ತು *#06# ಒತ್ತಿದಾಗ ಬರುವ ನಂಬರ್ ಮೂರೂ ತಾಳೆಯಾಗಬೇಕು. ತಾರೀಕು, ಮಾಡೆಲ್, ಐಎಂಇಐ, ಬಿಲ್ ನಂಬರ್ ನಿಮ್ಮದೇ ನೋಟ್‌ಬುಕ್ಕಿನಲ್ಲಿ ಅವತ್ತವತ್ತೇ ಬರೆಯಿರಿ.

ಇಎಂಐ ಮಾಡಿಸುವಾಗ ಆತುರ ಬೇಡ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೋ ಜಗಳೂರಿನ ಮೆಕ್ಕೆಜೋಳದ ರೈತರಿಗೋ ದುಡ್ಡು ಬರುವುದು ಮಾಲು ಮಾರಿದಾಗ, ಪ್ರತಿ ತಿಂಗಳಲ್ಲ. ಕಂತಿನ ದಿನ ಖಾತೆ ಖಾಲಿ ಇದ್ದರೆ ಫೈನಾನ್ಸಿನವರೂ ಬ್ಯಾಂಕಿನವರೂ ಇಬ್ಬರೂ ಬೌನ್ಸ್ ಚಾರ್ಜ್ ಹಾಕಬಹುದು, ಸಾಲ ತೀರಿಸುವ ಶಿಸ್ತು ತೋರಿಸುವ ಸಿಬಿಲ್ ಸ್ಕೋರೂ ಕೆಡುತ್ತದೆ. ಆಗ ಗಿರಾಕಿ ಬಂದು ಕೇಳುವುದು ನಿಮ್ಮನ್ನೇ. ಬಡ್ಡಿ ಇಲ್ಲದ ಸ್ಕೀಮಿನಲ್ಲೂ ಪ್ರೊಸೆಸಿಂಗ್ ಫೀ ಇದ್ದರೆ ಅದನ್ನೂ, ಡೌನ್ ಪೇಮೆಂಟ್, ಕಂತಿನ ತಾರೀಕು ಎಲ್ಲ ಸೇರಿಸಿ ಬಿಲ್ಲಿನ ಹಿಂದೆ ಬರೆದುಕೊಡಿ. ಇನ್ಶೂರೆನ್ಸನ್ನು ಹೇಳದೆ ಸೇರಿಸಿದರೆ ಮಾರಾಟ ರದ್ದಾಗಬಹುದು, ಬಂದ ಇನ್ಸೆಂಟಿವೂ ವಾಪಸ್ ಕಟ್ ಆಗಬಹುದು. ಅದು ಗಿರಾಕಿಗೆ ಮಾಡುವ ಮೋಸವೂ ಹೌದು.

ಫೋನಿಗಿಂತ ಟೆಂಪರ್ಡ್ ಗ್ಲಾಸ್, ಕವರ್‌ಗಳಲ್ಲಿ ಅಂಗಡಿಗೆ ಲಾಭದ ಪಾಲು ಹೆಚ್ಚು. ಹಾಗಾಗಿ ಅವಕ್ಕೆ ಪ್ರತ್ಯೇಕ ಇನ್ಸೆಂಟಿವ್ ಇದೆಯೇ ಎಂದು ಕೇಳಿ. ಗ್ಲಾಸ್ ಅಂಟಿಸುವಾಗ ಫ್ಯಾನ್ ಆರಿಸಿ, ಬೇಸಿಗೆಯಲ್ಲಿ ದಾವಣಗೆರೆಯ ಪಿ.ಬಿ. ರೋಡಿನ ಧೂಳು ಕೌಂಟರಿನವರೆಗೂ ಬರುತ್ತದೆ. ಮೊದಲು ಒದ್ದೆ ವೈಪ್, ಆಮೇಲೆ ಒಣ ಬಟ್ಟೆ, ಕೊನೆಗೆ ಸ್ಟಿಕ್ಕರಿನಿಂದ ಧೂಳಿನ ಕಣ ಎತ್ತಬೇಕು. ಇಯರ್‌ಪೀಸಿನ ಕಿಂಡಿಗೆ ಗ್ಲಾಸ್ ಸರಿಹೊಂದಿಸಿ, ನಡುವೆ ಬೆರಳಿಟ್ಟು ಬಿಡಿ. ಅಂಟು ತಾನೇ ಹರಡುತ್ತದೆ. ಒತ್ತಿದರೂ ಹೋಗದ ಗುಳ್ಳೆ ಇದ್ದರೆ ಒಳಗೆ ಧೂಳಿದೆ ಎಂದರ್ಥ, ಆ ಮೂಲೆ ಎತ್ತಿ ಟೇಪಿನಿಂದ ತೆಗೆಯಿರಿ. ಅಂಚು ಬಾಗಿದ ಕರ್ವ್ಡ್ ಸ್ಕ್ರೀನಿಗೆ ಯುವಿ ಅಂಟು (ಯುವಿ ಬೆಳಕಿಗೆ ಗಟ್ಟಿಯಾಗುವ ದ್ರವ) ಹಾಕುವುದಾದರೆ ಸ್ಪೀಕರ್, ಬಟನ್ ಸಂದುಗಳಿಗೆ ಮೊದಲು ಟೇಪ್ ಹಚ್ಚಿ. ಅಂಟು ಒಳಗೆ ಇಳಿದರೆ ವಾರಂಟಿ ಸಿಗುವುದು ಕಷ್ಟ.

ಎಕ್ಸ್‌ಚೇಂಜ್ ಫೋನಿನಲ್ಲಿ ಗಿರಾಕಿಯ ಕೈಯಲ್ಲೇ ಗೂಗಲ್ ಖಾತೆಯನ್ನು ಫೋನಿನಿಂದ ತೆಗೆದುಹಾಕಿಸಿ, ಆಮೇಲೆ ರೀಸೆಟ್ ಮಾಡಿ. ಇಲ್ಲದಿದ್ದರೆ ಫೋನ್ ಲಾಕ್ ಆಗಿ ಉಳಿಯುತ್ತದೆ, ನಷ್ಟ ನಿಮ್ಮ ತಲೆಗೆ ಬರಬಹುದು. ಇಂಗ್ಲಿಷಿನಲ್ಲಿ KYM ಎಂದು ಬರೆದು, ಜಾಗ ಬಿಟ್ಟು, ಐಎಂಇಐ ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿದರೆ ಅದು ಬ್ಲಾಕ್ ಆದ ಫೋನೋ ಅಲ್ಲವೋ ಎಂದು ತಿಳಿಯುತ್ತದೆ. ಸಿಮ್ ಟಾರ್ಗೆಟ್ ಎಷ್ಟೇ ಬಾಕಿ ಇರಲಿ, ಒಬ್ಬರ ಹೆಬ್ಬೆಟ್ಟಿನಲ್ಲಿ ಅವರಿಗೆ ಗೊತ್ತಿಲ್ಲದೆ ಇನ್ನೊಂದು ಸಿಮ್ ತೆಗೆಯಬೇಡಿ. ಅದು ಅಪರಾಧ, ಜೈಲಿನವರೆಗೂ ಹೋಗುತ್ತದೆ.

ಇನ್ಸೆಂಟಿವ್ ಪಟ್ಟಿ ಬಂದ ದಿನವೇ ನೋಟ್‌ಬುಕ್ ತೆಗೆದು ಒಂದೊಂದೇ ಐಎಂಇಐ ಟಿಕ್ ಮಾಡಿ. ಬಿಟ್ಟುಹೋದದ್ದನ್ನು ಬಿಲ್ಲಿನ ಫೋಟೊ ಸಮೇತ ಅಂದೇ ಮೇಲಿನವರಿಗೆ ಕಳಿಸಿ. ಹೊಸ ತಿಂಗಳ ಸ್ಕೀಮ್ ಶುರುವಾದ ಮೇಲೆ ಹಳೆಯ ಲೆಕ್ಕ ತೆರೆಸುವುದು ಬಹಳ ಕಷ್ಟ.